ಕರೆ ಬಂದರೆ ಊರೊಳಗೆ ಹೋಗುವ ಬಸ್ಸು: 24 ನಿಮಿಷದ ಲೆಕ್ಕ

ಬಾಗಲಕೋಟೆಯ ನವನಗರದಿಂದ ಗುಳೇದಗುಡ್ಡಕ್ಕೆ ಓಡುವ ಮಿನಿಬಸ್ಸುಗಳು ಕರೆ ಬಂದಾಗ ಮಾತ್ರ ಮುಖ್ಯ ರಸ್ತೆ ಬಿಟ್ಟು ಒಳಗಿನ ನಾಲ್ಕು ಹಳ್ಳಿಗಳಿಗೆ ಹೋಗಿಬರುವಂತೆ ವೇಳಾಪಟ್ಟಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ಎಲ್ಲರೂ ಮೊದಲು ಕೇಳಿದ್ದು ಎಷ್ಟು ಬಸ್ಸು ಬೇಕು ಎಂಬುದನ್ನೇ. ಅದಕ್ಕೆ ಉತ್ತರಿಸುವ ಮುನ್ನ ನಾನು ಒಂದು ವಾರ ಚಾಲಕರ ಪಕ್ಕದಲ್ಲಿ ಕುಳಿತು ಓಡಾಡಿದೆ. ನಕಾಶೆಯಲ್ಲಿ ಮೂರೇ ನಿಮಿಷದ ದಾರಿಯೆಂದು ತೋರಿದ ಒಂದು ಹಳ್ಳಿಯಲ್ಲಿ, ಹನುಮಪ್ಪನ ಕಟ್ಟೆಯ ಎದುರು ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದರಿಂದ ಬಸ್ಸನ್ನು ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಯಿತು. ಅಷ್ಟರಲ್ಲಿ ಖಣದ ಗಂಟು ಹೊತ್ತ ಅಜ್ಜಿಯೊಬ್ಬರು ನಿಧಾನವಾಗಿ ಮೆಟ್ಟಿಲು ಹತ್ತಿದರು. ಒಂದು ಹಳ್ಳಿಗೆ 6 ನಿಮಿಷ ಎಂದು ನಾನು ಬರೆದುಕೊಂಡದ್ದು ಅಂಥ ದಿನಗಳನ್ನು ನೋಡಿಯೇ.

ನೇರ ಓಡಾಟಕ್ಕೆ ಹೋಗಿ ಬರಲು 80 ನಿಮಿಷ, ಎರಡೂ ಕೊನೆಗಳಲ್ಲಿ ನಿಲುಗಡೆ 16 ನಿಮಿಷ, ಒಟ್ಟು 96. ನಲವತ್ತು ನಿಮಿಷಕ್ಕೊಂದು ಬಸ್ಸು ಬಿಡಬೇಕೆಂದರೆ 2.4, ಎಂದರೆ 3 ಬಸ್ಸು. ಆದರೆ 3 ಬಸ್ಸುಗಳು ನಲವತ್ತು ನಿಮಿಷಕ್ಕೊಂದರಂತೆ ಹೊರಟರೆ ಪ್ರತಿ ಬಸ್ಸಿನ ಸುತ್ತು 120 ನಿಮಿಷದ್ದಾಗುವುದರಿಂದ ಪ್ರತಿ ಸುತ್ತಿನಲ್ಲೂ 24 ನಿಮಿಷ ಹಾಗೆಯೇ ಉಳಿಯುತ್ತಿತ್ತು. ಹಳ್ಳಿಗಳಿಗೆ ನಾನು ಕೊಟ್ಟದ್ದು ಆ ಉಳಿಕೆಯನ್ನೇ: ಹೋಗುವಾಗ ಎರಡು, ಬರುವಾಗ ಎರಡು ಹಳ್ಳಿ. ಹೊರಡುವ ಅರ್ಧ ತಾಸು ಮೊದಲು ಫೋನ್ ಬರಬೇಕು. ಯಾವ ಹಳ್ಳಿಯಿಂದಲೂ ಕರೆ ಇಲ್ಲದಿದ್ದರೂ ನಿಗದಿತ ನಿಲ್ದಾಣಗಳಿಂದ ಬಸ್ಸು ವೇಳೆಗಿಂತ ಮೊದಲು ಬಿಡಬಾರದು. ಈ ಎರಡನೆಯ ನಿಯಮವನ್ನು ನಾನು ಎಂದಿಗೂ ಸಡಿಲಿಸಲಿಲ್ಲ, ಏಕೆಂದರೆ ಮುಖ್ಯ ರಸ್ತೆಯಲ್ಲಿ ಕಾದು ನಿಂತವರಿಗೆ ಫೋನ್ ಮಾಡುವ ಅಗತ್ಯವೇ ಇರಬಾರದು.

ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೆ ದಿನಕ್ಕೆ 8 ತಾಸು ದುಡಿಮೆ, 5 ತಾಸಿನೊಳಗೆ ಅರ್ಧ ತಾಸು ವಿಶ್ರಾಂತಿ. ನಾಲ್ಕು ಸುತ್ತು ಹಾಕಿದರೆ 8 ತಾಸು ಅಲ್ಲಿಗೇ ಭರ್ತಿಯಾಗಿ, ಬಸ್ಸು ತಪಾಸಣೆಗೂ ಹಣ ಕಟ್ಟುವುದಕ್ಕೂ ವೇಳೆ ಉಳಿಯದ ಕಾರಣ ಒಂದು ಪಾಳಿಗೆ ಮೂರೇ ಸುತ್ತು ಇಟ್ಟೆ.

ನಾನು ತಪ್ಪಿದ್ದು ಸಂತೆಯ ದಿನ. ಅಂದು ನಾಲ್ಕೂ ಹಳ್ಳಿಗಳಿಂದ ಎರಡೂ ದಿಕ್ಕಿಗೆ ಕರೆ ಬಂದವು, ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಎಂಟು ಸಲ ಒಳಗೆ ಹೋಗಿಬರಬೇಕಾಗಿ ಸುತ್ತು 144 ನಿಮಿಷಕ್ಕೆ ಬೆಳೆದು ಮಧ್ಯಾಹ್ನದ ಒಂದು ಟ್ರಿಪ್ಪೇ ರದ್ದಾಯಿತು. ಮಾಲೀಕರು ನಾಲ್ಕನೆಯ ಬಸ್ಸು ತರುವ ಮಾತಾಡಿದರು. ನಾನು ಸಂತೆಯ ದಿನ ಬಸ್ಸುಗಳ ನಡುವಿನ ಅಂತರವನ್ನು 50 ನಿಮಿಷಕ್ಕೆ ಏರಿಸಿದೆ. 3 ಬಸ್ಸುಗಳಿಗೆ 150 ನಿಮಿಷದ ಸುತ್ತು ಸಿಕ್ಕಿತು, 6 ನಿಮಿಷ ಉಳಿಯಿತು. ಆ ದಿನದ ವೇಳೆಗಳನ್ನು ಬೇರೆ ಬಣ್ಣದ ಹಾಳೆಯಲ್ಲಿ ಬರೆಸಿ ನಾಲ್ಕೂ ಊರುಗಳ ಕಟ್ಟೆಯ ಬಳಿ ಅಂಟಿಸಿದ್ದೇವೆ.