ಎದೆ ಡವಗುಟ್ಟುವಾಗ ಮೊದಲು ಉಸಿರು ಬಿಡಿ

ಭಾನುವಾರ ಬೆಳಗ್ಗೆ ಆತ್ಮರಕ್ಷಣೆಯ ಕ್ಲಾಸ್ ನಡೆಸುತ್ತೇನೆ. ಮೂರು ವಾರ ಕಳೆಯುವಷ್ಟರಲ್ಲಿ ಎಲ್ಲರೂ ಪ್ಯಾಡ್ ಅದುರುವ ಹಾಗೆ ಒದೆಯುವುದು ಕಲಿತಿರುತ್ತಾರೆ. ನಾಲ್ಕನೇ ವಾರ, ‘ಇವತ್ತು ಯಾವಾಗಲಾದರೂ ಮೈಮೇಲೆ ಬರುತ್ತೇನೆ’ ಎಂದು ಮೊದಲೇ ಹೇಳಿಟ್ಟು, ನೀರು ಕುಡಿಯುತ್ತಿರುವವರ ಮಣಿಕಟ್ಟನ್ನು ಫಕ್ಕನೆ ಹಿಡಿದು ಕೂಗುತ್ತೇನೆ. ಒದೆಯುವುದಿರಲಿ, ಹೆಚ್ಚಿನವರು ಉಸಿರೇ ಬಿಡುವುದಿಲ್ಲ. ಒಬ್ಬರಂತೂ ‘ಸಾರಿ ಮೇಡಂ’ ಅಂದರು!

ನಗುವ ವಿಷಯ ಅಲ್ಲ ಅದು. ಹೆದರಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ನುಗ್ಗುತ್ತದೆ, ಬೆರಳು ತಣ್ಣಗಾಗಿ ನಡುಗುತ್ತವೆ, ಬಾಯಿ ಒಣಗುತ್ತದೆ. ಕಣ್ಣಿಗೆ ಎದುರಿಗಿರುವವನೊಬ್ಬನೇ ಕಾಣುತ್ತಾನೆ. ಮೈ ಮರಗಟ್ಟುವುದೂ ಇದರದೇ ಭಾಗ, ಹೇಡಿತನ ಅಲ್ಲ. ಇದನ್ನು ತಡೆಯಲು ಆಗುವುದಿಲ್ಲ. ಅದರಿಂದ ಬೇಗ ಹೊರಬರುವುದನ್ನು ಮಾತ್ರ ಕಲಿಯಬಹುದು.

ಹಂತ 1: ಏನು ಕೊಟ್ಟುಬಿಡುತ್ತೀರಿ ಅನ್ನುವುದನ್ನು ಇವತ್ತೇ ತೀರ್ಮಾನಿಸಿ. ಫೋನ್, ಸರ, ಬ್ಯಾಗ್ ಕೇಳಿದರೆ ಕೊಟ್ಟು ಓಡಿ. ಇದರಲ್ಲಿ ಚರ್ಚೆ ಬೇಡ.

ಹಂತ 2: ಉಸಿರು ಬಿಡಿ. ಎಡವುವುದೇ ಇಲ್ಲಿ. ‘ದೀರ್ಘವಾಗಿ ಉಸಿರು ಎಳೆದುಕೊಳ್ಳಿ’ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಹೆದರಿದವರ ಎದೆಯಲ್ಲಿ ಆಗಲೇ ಗಾಳಿ ತುಂಬಿರುತ್ತದೆ. ಬೆಚ್ಚಿಬಿದ್ದಾಗ ‘ಹಾ!’ ಎಂದು ಎಳೆದುಕೊಂಡಿದ್ದನ್ನು ಅಲ್ಲೇ ಬಿಗಿಹಿಡಿದಿರುತ್ತಾರೆ. ಅದರ ಮೇಲೆ ಇನ್ನಷ್ಟು ಎಳೆದರೆ ಹೆಗಲು ಕಿವಿಗೆ ಏರುತ್ತದೆ, ಗಂಟಲು ಕಟ್ಟುತ್ತದೆ. ಹಾಗಾಗಿ ಮೊದಲು ಹೊರಗೆ ಬಿಡಿ. ಬಿಸಿ ಕಾಫಿ ಊದುವ ಹಾಗೆ ತುಟಿ ಸಣ್ಣಗೆ ಮಾಡಿ, ಹೊಟ್ಟೆ ಒಳಗೆ ಹೋಗುವವರೆಗೆ ಊದಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಒಳಗೆಳೆಯುವ ಉಸಿರು ಆಮೇಲೆ ತಾನಾಗಿಯೇ ಬರುತ್ತದೆ.

ನಾಲ್ಕು ಎಣಿಸಿ ಎಳೆದು, ನಾಲ್ಕು ಎಣಿಸಿ ಹಿಡಿಯುವ ಚೌಕದ ಉಸಿರಾಟ ಒಳ್ಳೆಯದೇ. ಆದರೆ ಅದು ಆಟೋದಲ್ಲಿ ಕುಳಿತಾಗ ಅಥವಾ ಎಲ್ಲ ಮುಗಿದ ಮೇಲೆ. ಕೈ ಹಿಡಿದವನ ಎದುರು ಯಾರೂ ಎಣಿಸುತ್ತಾ ನಿಲ್ಲುವುದಿಲ್ಲ, ಅಲ್ವಾ?

ಉಸಿರು ಬಿಡುತ್ತಲೇ ಒಂದು ಕಾಲು ಹಿಂದಿಡಿ, ಮಂಡಿ ಸ್ವಲ್ಪ ಸಡಿಲ ಮಾಡಿ, ಎರಡೂ ಅಂಗೈ ಎದೆಯ ಮುಂದೆ ತನ್ನಿ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರೆ ಹೊರಹೋಗುವ ದಾರಿ ಕಾಣುತ್ತದೆ.

ಹಂತ 3: ಅದೇ ಉಸಿರಿನ ಮೇಲೆ ದನಿ ಹೊರಡಿಸಿ. ಏನು ಕೂಗಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಆ ಹೊತ್ತಿನಲ್ಲಿ ಹೊಸ ಮಾತು ಹೊಳೆಯುವುದಿಲ್ಲ. ‘ಬಿಡಣ್ಣಾ, ಪ್ಲೀಸ್’ ಬೇಡ. ‘ಲೋ, ಬಿಡೋ’ ಕೂಡ ಬೇಡ. ಏಕವಚನ ಕೇಳಿದ ದಾರಿಹೋಕರು ಗಂಡ ಹೆಂಡತಿ ಜಗಳ ಎಂದುಕೊಂಡು ಸುಮ್ನೆ ಮುಂದೆ ಹೋಗುತ್ತಾರೆ. ನಾನು ಕಲಿಸುವುದು ಇಷ್ಟೇ: ‘ಯಾರ್ರೀ ನೀವು? ಹಿಂದೆ ಸರೀರಿ!’ ಆ ‘ರೀ’ ಮರ್ಯಾದೆಗಲ್ಲ, ಇವನು ನನಗೆ ಗೊತ್ತಿಲ್ಲದವನು ಎಂದು ಬೀದಿಗೆ ಸಾರುವುದಕ್ಕೆ.

ಗುಂಪನ್ನು ಕರೆದರೆ ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಾರೆ. ಒಬ್ಬರನ್ನೇ ಹಿಡಿಯಿರಿ: ‘ನೀಲಿ ಶರ್ಟ್ ಅಣ್ಣಾ, ಇಲ್ಲಿ ಬನ್ನಿ!’

ಇಲ್ಲಿ ಪೆಪ್ಪರ್ ಸ್ಪ್ರೇ ಬಗ್ಗೆ ಒಂದು ಮಾತು. ಕ್ಲಾಸಿನಲ್ಲಿ ಒಬ್ಬರಿಗೆ ‘ತೆಗೆಯಿರಿ ನೋಡೋಣ’ ಅಂದೆ. ಜಿಪ್ ಸಿಗಲಿಲ್ಲ. ಸಿಕ್ಕ ಮೇಲೆ ಟಿಫನ್ ಡಬ್ಬಿ, ಛತ್ರಿ, ಚಾರ್ಜರ್ ವೈರ್ ಬಂದವು. ಕೊನೆಗೆ ಬಂದ ಸ್ಪ್ರೇಯ ಅವಧಿ ಮುಗಿದು ವರ್ಷವಾಗಿತ್ತು. ಕೈಯಲ್ಲಿ ಹಿಡಿದು ನಡೆಯುವುದಾದರೆ ಮಾತ್ರ ಕೊಳ್ಳಿ, ಗಾಳಿ ನಿಮ್ಮ ಕಡೆಗೇ ಬೀಸುತ್ತಿದ್ದರೆ ಒತ್ತಬೇಡಿ. ಬೆರಳ ಸಂದಿಯಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು ಗುದ್ದುವ ಉಪಾಯವನ್ನಂತೂ ಮರೆತುಬಿಡಿ. ಮೊದಲು ಹರಿಯುವುದು ನಿಮ್ಮ ಬೆರಳೇ.

ಹಂತ 4: ಅವನು ಅರೆಗಳಿಗೆ ಹಿಂಜರಿದರೂ ಸಾಕು, ಬೆಳಕಿರುವ ಕಡೆ ಓಡಿ. ಬಿಡದಿದ್ದರೆ ಒಂದೇ ಏಟು, ಅಂಗೈಯ ಬುಡದಿಂದ ಮೂಗಿಗೆ ಅಥವಾ ಮೊಣಕಾಲಿನಿಂದ ತೊಡೆಸಂದಿಗೆ. ಆಮೇಲೂ ಓಡುವುದೇ. ‘ಹೊಡೆದರೆ ನಮ್ಮ ಮೇಲೇ ಕೇಸ್ ಆಗುತ್ತೆ’ ಎಂಬ ಭಯವೂ ಕೈ ಕಟ್ಟಿಹಾಕುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಷರತ್ತು ಒಂದುಂಟು, ರಕ್ಷಣೆಗೆ ಬೇಕಾದದ್ದಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ಬಿದ್ದವನಿಗೆ ನಿಂತು ಒದೆಯುವುದು ಇದರಲ್ಲಿ ಬರುವುದಿಲ್ಲ.

ಹಂತ 5: 112ಕ್ಕೆ ಕರೆ ಮಾಡಿ. ಮೊದಲು ಜಾಗ ಹೇಳಿ, ಕತೆ ಆಮೇಲೆ. ಫೋನ್ ಲಾಕ್ ಆಗಿದ್ದರೂ ತುರ್ತು ಕರೆ ಹೋಗುತ್ತದೆ. ಕೈಕಾಲು ಜೋರಾಗಿ ನಡುಗುವುದು, ಅಳು ಬರುವುದು ಈಗ. ಅದು ಅಡ್ರಿನಲಿನ್ ಇಳಿಯುವ ಲಕ್ಷಣ. ಯಾರನ್ನಾದರೂ ಜೊತೆಗೆ ಕರೆಸಿಕೊಳ್ಳಿ.

ಮನೆಯಲ್ಲಿ ಅಭ್ಯಾಸ ಮಾಡುವುದು ಹೀಗೆ: ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿ. ಏದುಸಿರು ಬರುತ್ತಿರುವಾಗಲೇ ಎರಡು ಸಲ ಊದಿ, ಹಂತ 3ರ ಮಾತು ಹೊಟ್ಟೆಯಿಂದ ಕೂಗಿ, ಫೋನಿನಲ್ಲಿ ತುರ್ತು ಕರೆಯ ಪರದೆ ತೆರೆಯಿರಿ. ಕರೆ ಒತ್ತಬೇಡಿ. ವಾರಕ್ಕೆ ಎರಡು ದಿನ ಸಾಕು. ಒಂದು ದಿನದ ವರ್ಕ್‌ಶಾಪ್‌ಗೆ ಕೊಡುವ ದುಡ್ಡಿಗಿಂತ ನನಗೆ ಈ ಮೆಟ್ಟಿಲ ಮೇಲೇ ನಂಬಿಕೆ. ಪಕ್ಕದ ಮನೆಯವರಿಗೆ ಮಾತ್ರ ಮೊದಲೇ ಹೇಳಿಡಿ. ನಮ್ಮ ಕ್ಲಾಸಿನವರೊಬ್ಬರು ಹೇಳಿರಲಿಲ್ಲ. ಎದುರು ಮನೆಯ ಅಜ್ಜಿ ಲಟ್ಟಣಿಗೆ ಹಿಡಿದು ಓಡಿ ಬಂದಿದ್ದರಂತೆ.