ಚಾಂದನಿಯ ಗಂಟು: ಎರಡು ಸಲ ಕತ್ತರಿಸಿದ ಕಥೆ

ನಾನು ಮುಖ್ಯವಾಗಿ ದನ, ಎಮ್ಮೆಗಳ ಡಾಕ್ಟರ್. ಕುಮಟಾ ತಾಲೂಕಿನಲ್ಲಿ ಕೆಲಸ. ಕೆಚ್ಚಲು ಬಾವು, ಕರು ಹಾಕಲು ಕಷ್ಟ, ಕೊಂಬು ಮುರಿತ, ನಡುವೆ ನಾಯಿಗಳು. ಕುದುರೆ ಅಂದರೆ ವರ್ಷಕ್ಕೆ ಮೂರೋ ನಾಲ್ಕೋ, ಅಷ್ಟೇ. ಗೋಕರ್ಣದ ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುವವು. ಅವುಗಳದ್ದೂ ಹೊಟ್ಟೆನೋವು, ಕುಂಟು, ಜೀನು ಉಜ್ಜಿದ ಗಾಯ. ಹಾಗಾಗಿ ಚಾಂದನಿ ಬಂದಾಗ ಅದೂ ಜೀನಿನ ಗಾಯವೇ ಅಂದುಕೊಂಡೆ.

ಚಾಂದನಿ ಕೆಂಪು ಬಣ್ಣದ ಹೆಣ್ಣು ಕುದುರೆ, ಆರೇಳು ವರ್ಷ. ಹಣೆಯಲ್ಲಿ ದುಂಡನೆಯ ಬಿಳಿ ಚುಕ್ಕೆ, ಅದಕ್ಕೇ ಆ ಹೆಸರು. ಎಡಗಡೆ, ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಹೊಟ್ಟೆಪಟ್ಟಿ ಹಾಯುವ ಜಾಗದಲ್ಲಿ ಒಂದು ಗಂಟು. ಸಿಪ್ಪೆ ಸುಲಿದ ಅಡಿಕೆಯಷ್ಟಿತ್ತಂತೆ, ಈಗ ಲಿಂಬೆಹಣ್ಣಿಗಿಂತ ದೊಡ್ಡದು. ಮೇಲೆ ಚರ್ಮ ಒಡೆದು ಹಸಿ ಮಾಂಸ ಕಾಣುತ್ತಿತ್ತು. ಸುತ್ತ ಕಾಳಿನ ಹಾಗೆ ಇನ್ನೂ ಎರಡು ಮೂರು.

"ಏನಾದರೂ ಹಚ್ಚಿದ್ರಾ?" ಅಂತ ಕೇಳಿದೆ. ಮಾಲೀಕ ಹುಬ್ಬಳ್ಳಿ ಕಡೆಯವನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರ ಬಾಲದ ಕೂದಲಾ ಕಟ್ಟಿದ್ದೆ ರೀ ಮೇಡಂ" ಅಂದ. ನರಹುಲಿಗೆ ಕುದುರೆ ಕೂದಲು ಬಿಗಿದು ಕಟ್ಟುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು. ಶಿರಸಿಯಲ್ಲಿ ನನ್ನ ಅಜ್ಜಿಯೂ ಮಾಡುತ್ತಿದ್ದಳು. ಕುದುರೆಯ ಗಂಟಿಗೆ ಕುದುರೆಯದೇ ಕೂದಲು ಕಟ್ಟಿದ್ದು ಮಾತ್ರ ಇದೇ ಮೊದಲು ಕೇಳಿದ್ದು. ಕೂದಲು ಕಟ್ಟಿದ ಮೇಲೆ ಮೇಲಿನ ತುಂಡು ಬಿದ್ದಿತ್ತು. ತಿಂಗಳೊಳಗೆ ದುಪ್ಪಟ್ಟಾಗಿ ಬಂತು. ಆಮೇಲೆ ಗೇರೆಣ್ಣೆ. ಅದು ಚರ್ಮ ಸುಟ್ಟಿತು, ಗಂಟು ಹಾಗೇ ಉಳಿಯಿತು.

ಇದು ಸಾರ್ಕಾಯ್ಡ್ ಇರಬೇಕು ಅನ್ನಿಸಿತು. ಕುದುರೆಗಳ ಚರ್ಮದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ವಿಚಿತ್ರ ಏನೆಂದರೆ ಇದರ ಹಿಂದಿರುವುದು ದನಗಳ ನರಹುಲಿಯ ವೈರಸ್, ಬೋವೈನ್ ಪ್ಯಾಪಿಲೋಮಾ ವೈರಸ್. ಅದರಲ್ಲೂ 1 ಮತ್ತು 2ನೇ ಬಗೆ. ದನದ ಮೈಮೇಲೆ ಇದು ನರಹುಲಿ ಎಬ್ಬಿಸುತ್ತದೆ, ಹೆಚ್ಚಿನ ಸಲ ತಾನಾಗಿಯೇ ಉದುರಿಹೋಗುತ್ತದೆ. ಕುದುರೆಗೆ ಬಂದರೆ ಬೇರೆಯೇ ಆಟ. ದೇಹದ ಒಳಗಿನ ಅಂಗಗಳಿಗೆ ಹರಡುವುದಿಲ್ಲ, ಆದರೆ ಇದ್ದ ಜಾಗದಲ್ಲಿ ಬೇರು ಬಿಟ್ಟು ಕೂರುತ್ತದೆ. ಕೆಣಕಿದರೆ ಇನ್ನೂ ಕೆರಳುತ್ತದೆ. ಚಾಂದನಿಯನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಒಂದು ಕಡಸು ಇತ್ತು, ಅದರ ಕುತ್ತಿಗೆ ತುಂಬಾ ನರಹುಲಿ. ಅದರಿಂದಲೇ ಬಂತು ಅಂತ ನಾನು ಹೇಳಲಾರೆ. ಆದರೆ ಮರುದಿನವೇ ಕುದುರೆಯನ್ನು ಬೇರೆ ಕಡೆ ಕಟ್ಟಿಸಿದೆ.

ಮೊದಲು ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದಿತ್ತಲ್ಲ ಅಂತ ಕೇಳಬಹುದು. ಸಾರ್ಕಾಯ್ಡ್‌ಗೆ ಅರೆಬರೆ ಚಾಕು ತಾಗಿಸುವುದೂ ಕೆಣಕಿದ ಹಾಗೆಯೇ. ಪೂರ್ತಿ ತೆಗೆದು, ಅದನ್ನೇ ಕೊಳೆಯದ ಹಾಗೆ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸೋಣ ಅಂತ ಲೆಕ್ಕ ಹಾಕಿದೆ. ಆ ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ಬೇರೆ ಕಡೆ.

ಸೆಪ್ಟೆಂಬರ್ ಕೊನೆ. ಮಳೆ ಪೂರ್ತಿ ಬಿಟ್ಟಿರಲಿಲ್ಲ, ನೊಣ ಜಾಸ್ತಿ. ದಸರಾ ರಜೆಗೆ ಜನ ಬರುವ ಮೊದಲು ಮುಗಿಸಿಕೊಡಿ ಅಂತ ಮಾಲೀಕನ ಒತ್ತಾಯ. ಕುದುರೆಯನ್ನು ನಿಲ್ಲಿಸಿಕೊಂಡೇ ಕ್ಸೈಲಜಿನ್ ಕೊಟ್ಟು ಮಂಪರು ಬರಿಸಿ, ಆ ಜಾಗ ಮರಗಟ್ಟಲು ಗಂಟಿನ ಸುತ್ತ ಲಿಗ್ನೋಕೇನ್ ಹಾಕಿದೆ. ಕತ್ತರಿಸುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಹೊಲಿಗೆ ಹೇಗೆ ಕೂಡಿಸಲಿ ಅಂತ. ಮೊಣಕೈ ಹಿಂದೆ ಚರ್ಮ ಹೆಜ್ಜೆ ಹೆಜ್ಜೆಗೂ ಎಳೆಯುತ್ತದೆ. ಜಾಸ್ತಿ ತೆಗೆದರೆ ಅಂಚು ಕೂಡಲ್ಲ. ಹಾಗಾಗಿ ಗಂಟಿನ ಪಕ್ಕ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿದೆ. ಹೊಲಿಗೆ ಚಂದ ಬಂತು. ಹನ್ನೆರಡನೇ ದಿನ ನೂಲು ಬಿಚ್ಚಿದಾಗ ಒಂದು ಗೆರೆ ಬಿಟ್ಟರೆ ಏನೂ ಇಲ್ಲ. ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ!

ಅಷ್ಟರಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಿಂದ ವರದಿ ಬಂತು. ಸಾರ್ಕಾಯ್ಡೇ. ಚರ್ಮದ ಮೇಲ್ಪದರ ಬೇರಿನ ಹಾಗೆ ಆಳಕ್ಕೆ ಇಳಿದಿದೆ, ಅದರ ಅಡಿಯಲ್ಲಿ ಕೋಶಗಳು ಬೇಲಿಗೂಟದ ಹಾಗೆ ಸಾಲಾಗಿ ನಿಂತಿವೆ. ಕೊನೆಯಲ್ಲಿ ಒಂದು ಸಾಲು: ಅಂಚಿನವರೆಗೂ ಗಡ್ಡೆಯ ಕೋಶಗಳು ಇವೆ. ಅಂದರೆ ಕುದುರೆಯ ಮೈಯಲ್ಲೂ ಉಳಿದಿರಬಹುದು. ಆ ಸಾಲನ್ನು ನಾನು ಎರಡು ಸಲ ಓದಿದೆ. ಮಾಲೀಕನಿಗೂ ಹೇಳಿದೆ. ಆದರೂ ಒಳಗೊಳಗೆ ಒಂದು ಆಸೆ, ಏನೂ ಆಗಲಿಕ್ಕಿಲ್ಲ ಅಂತ.

ಡಿಸೆಂಬರ್ ನಡುವೆ ಹೊಲಿಗೆಯ ಗೆರೆಯ ಮೇಲೆಯೇ ನಾಲ್ಕು ಗಂಟು ಎದ್ದವು. ಪೋಣಿಸಿಟ್ಟ ಹಾಗೆ, ಸೂಜಿ ಚುಚ್ಚಿದ ಜಾಗದಲ್ಲೇ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನನಗೆ ಸರ್ಜರಿ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. "ಎಷ್ಟು ಅಂಚು ಬಿಟ್ಟೆ?" ಅಂದರು. ಹೇಳಿದೆ. "ಕತ್ತರಿಸುವಾಗ ಹಾಕಿದ್ದ ಕೈಗವಸಿನಲ್ಲೇ ಹೊಲಿದೆಯಾ?" ಹೌದು ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಣ್ಣಿಗೆ ಚೆನ್ನಾಗಿ ಕಾಣುವ ಚರ್ಮದಲ್ಲೂ ಈ ವೈರಸ್ ಇರುತ್ತದೆ. ಬರೀ ಕತ್ತರಿಸಿ ಬಿಟ್ಟರೆ ಮರಳಿ ಬರುವ ಸಂಭವ ಬಹಳ, ಅದೂ ಸಾಮಾನ್ಯವಾಗಿ ಆರು ತಿಂಗಳೊಳಗೆ. ಗಂಟಿಗೆ ತಾಗಿದ ಚಿಮಟ, ಸೂಜಿ, ಕೈಗವಸು ಎಲ್ಲವೂ ಕೋಶಗಳನ್ನು ಹೊಸ ಗಾಯಕ್ಕೆ ಬಿತ್ತುತ್ತವೆ. ಬೇರೆ ದೇಶಗಳಲ್ಲಿ ಕತ್ತರಿಸಿದ ಮೇಲೆ ಸಿಸ್‌ಪ್ಲಾಟಿನ್ ಚುಚ್ಚುತ್ತಾರೆ, ಲೇಸರ್ ಬಳಸುತ್ತಾರೆ, ವಿಕಿರಣ ಕೊಡುತ್ತಾರೆ. ಸಿಸ್‌ಪ್ಲಾಟಿನ್ ಕ್ಯಾನ್ಸರ್ ಔಷಧ. ಅದನ್ನು ತೆಂಗಿನ ತೋಟದಲ್ಲಿ ನಿಂತು ಬಳಸುವ ಧೈರ್ಯ ನನಗಿಲ್ಲ. ಆದರೆ ನಮ್ಮ ಪಶು ಆಸ್ಪತ್ರೆಗಳಲ್ಲಿ ಒಂದು ವಸ್ತು ಸದಾ ಇರುತ್ತದೆ, ದ್ರವ ಸಾರಜನಕ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ವೀರ್ಯದ ಕಡ್ಡಿಗಳನ್ನು ಇಡುವ ಜಾಡಿಯಲ್ಲಿರುವುದು ಅದೇ, ಮೈನಸ್ 196 ಡಿಗ್ರಿ. ಗಡ್ಡೆಯ ಕೋಶ ಸಾಯಲು ಮೈನಸ್ 25ರ ಆಸುಪಾಸು ಬೇಕು. ಮೇಲಧಿಕಾರಿಗಳನ್ನು ಕೇಳಿ, ಹೊಸ ಸಾರಜನಕ ಬರುವ ಹಿಂದಿನ ದಿನ, ಕಡ್ಡಿಗಳಿಲ್ಲದ ಜಾಡಿಯಿಂದ ಸ್ವಲ್ಪ ತೆಗೆದುಕೊಂಡೆ. ಲೇತ್ ಅಂಗಡಿಯಲ್ಲಿ ಎರಡು ಹಿತ್ತಾಳೆ ಬಿಲ್ಲೆ ಮಾಡಿಸಿದೆ, ಒಂದು ಐದು ರೂಪಾಯಿ ನಾಣ್ಯದಷ್ಟು, ಇನ್ನೊಂದು ಅದರ ಎರಡರಷ್ಟು. ಹಿಡಿಯಲು ಮರದ ಹಿಡಿಕೆ.

ಜನವರಿ, ಹೊಸ ವರ್ಷದ ಗದ್ದಲ ಮುಗಿದ ಮೇಲೆ. ಗಾಳಿ ಒಣ, ನೊಣ ಕಡಿಮೆ. ಈ ಸಲ ಮಲಗಿಸಿಯೇ ಮಾಡುವುದು ಅಂತ ತೀರ್ಮಾನಿಸಿದೆ. ತೂಕ ಟೇಪಿನಿಂದ ಲೆಕ್ಕ ಹಾಕಿದೆ: ಎದೆ ಸುತ್ತಳತೆ 155 ಸೆಂ.ಮೀ., ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗೆ 145. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಸುಮಾರು 293 ಕೆ.ಜಿ. ಕ್ಸೈಲಜಿನ್ ಕೆ.ಜಿ.ಗೆ 1.1 ಮಿ.ಗ್ರಾಂ, ರಕ್ತನಾಳಕ್ಕೆ. ಆಮೇಲೆ ಕಾಯುವುದು. ಹೊಸಬರು ಎಡವುವುದು ಇಲ್ಲೇ. ತಲೆ ಮೊಣಕಾಲಿನ ಮಟ್ಟಕ್ಕೆ ಇಳಿದು, ತುಟಿ ಜೋತುಬಿದ್ದು, ಕರೆದರೂ ಕಿವಿ ಆಡಿಸಬಾರದು. ಆಗಲೇ ಪ್ರಜ್ಞೆ ತಪ್ಪಿಸಿ ಮಲಗಿಸುವ ಕೆಟಮಿನ್, ಕೆ.ಜಿ.ಗೆ 2.2 ಮಿ.ಗ್ರಾಂ. ಮಂಪರು ಪೂರ್ತಿ ಬರುವ ಮೊದಲೇ ಕೆಟಮಿನ್ ಕೊಟ್ಟರೆ ಕುದುರೆ ರೊಚ್ಚಿಗೇಳುತ್ತದೆ. ಐದು ನಿಮಿಷ ಐವತ್ತರಷ್ಟು ಉದ್ದ ಅನ್ನಿಸಿತು. ಕೊನೆಗೆ ಚಾಂದನಿ ಮರಳಿನ ಮೇಲೆ ನಿಧಾನಕ್ಕೆ ಕುಸಿದಳು. ಬಲಮಗ್ಗುಲಾಗಿ ಮಲಗಿಸಿ, ಕಣ್ಣಿಗೆ ಟವೆಲ್ ಮುಚ್ಚಿದೆವು. ನಮ್ಮ ಕೈಯಲ್ಲಿ ಹದಿನೈದು, ಇಪ್ಪತ್ತು ನಿಮಿಷ ಇತ್ತು.

ಈ ಸಲ ಗಂಟಿನ ಸುತ್ತ ಎರಡು ಸೆಂಟಿಮೀಟರ್ ಅಳೆದು ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೆ. ಗಂಟುಗಳ ಮೇಲೆ ಒಂದು ಕೈಗವಸು ಮುಚ್ಚಿ ಚರ್ಮಕ್ಕೆ ಟಾಕಿ ಹಾಕಿದೆ, ಯಾವುದೂ ತಾಗಬಾರದು ಅಂತ. ಹಳೇ ಹೊಲಿಗೆಯ ಗೆರೆ ಪೂರ್ತಿ ಒಳಗೆ ಬರುವ ಹಾಗೆ, ಅಡಿಯಲ್ಲಿ ಚರ್ಮ ಅಲುಗಿಸುವ ತೆಳು ಮಾಂಸದ ಪದರವನ್ನೂ ಸೇರಿಸಿ, ಒಂದೇ ತುಂಡಾಗಿ ತೆಗೆದೆ. ಆ ಸಾಮಾನೆಲ್ಲ ಒಂದು ಬಕೆಟ್‌ಗೆ. ಹೊಸ ಕೈಗವಸು, ಹೊಸ ಬಟ್ಟೆ, ಹೊಸ ಚಿಮಟ. ಸಲೈನ್‌ನಲ್ಲಿ ತೊಳೆದು ರಕ್ತ ನಿಲ್ಲಿಸಿದೆ. ರಕ್ತ ಹರಿಯುತ್ತಿದ್ದರೆ ಹೆಪ್ಪುಗಟ್ಟಿಸಲು ಆಗುವುದಿಲ್ಲ. ಬಿಸಿ ರಕ್ತ ತಣ್ಣಗಾಗಲು ಬಿಡುವುದಿಲ್ಲವಲ್ಲ.

ಬಿಲ್ಲೆಯನ್ನು ಸಾರಜನಕದಲ್ಲಿ ಅದ್ದಿದಾಗ ಕುದಿಯುವ ಸದ್ದು. ಸದ್ದು ನಿಂತಾಗ ಬಿಲ್ಲೆ ತಯಾರು. ಗಾಯದ ತಳಕ್ಕೆ, ಅಂಚಿಗೆ ಒತ್ತಿ ಹಿಡಿದೆ. ಮಾಂಸ ಬೆಳ್ಳಗಾಗಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಬೇಗ ಹೆಪ್ಪುಗಟ್ಟಬೇಕು, ನಿಧಾನವಾಗಿ ಕರಗಬೇಕು. ಕರಗುವಾಗಲೇ ಕೋಶಗಳು ಹೆಚ್ಚು ಒಡೆಯುವುದು. ಹಾಗಾಗಿ ನೀರು ಹಾಕದೆ ತಾನಾಗಿ ಕರಗಲು ಬಿಟ್ಟು, ಮತ್ತೆ ಎರಡನೇ ಸುತ್ತು. ನಡುವೆ ಎರಡೂ ಔಷಧ ಸ್ವಲ್ಪ ಸ್ವಲ್ಪ ಮತ್ತೆ ಕೊಡಬೇಕಾಯಿತು. ಆಮೇಲೆ ಹೊಲಿಗೆ ಹಾಕಲಿಲ್ಲ. ಹೆಪ್ಪುಗಟ್ಟಿದ ಮಾಂಸ ಸತ್ತು ಉದುರುತ್ತದೆ, ಅದರಲ್ಲಿ ನೂಲು ನಿಲ್ಲುವುದಿಲ್ಲ. ಅಂಗೈಯಷ್ಟು ತೆರೆದ ಗಾಯ ನೋಡಿ ಮಾಲೀಕನ ಮುಖ ಬಾಡಿತು. "ಹೋದ ಸಲ ಚಂದ ಹೊಲಿದಿದ್ರಿ ಅಲ್ರೀ" ಅಂದ. ಅದನ್ನು ಕೇಳಿಸಿಕೊಳ್ಳಲೇಬೇಕಿತ್ತು.

ಧನುರ್ವಾಯು ಲಸಿಕೆ ಮೊದಲೇ ಆಗಿತ್ತು, ಕುದುರೆಗೆ ಅದು ತಪ್ಪಬಾರದು. ಐದು ದಿನ ಪೆನಿಸಿಲಿನ್, ನೋವಿಗೆ ಫ್ಲುನಿಕ್ಸಿನ್. ದಿನಾ ಸಲೈನ್‌ನಲ್ಲಿ ತೊಳೆದು, ಗಾಯದ ಹೊರಗೆ ಮಾತ್ರ ಬೇವಿನೆಣ್ಣೆ. ಎರಡು ವಾರದ ಮೇಲೆ ಸತ್ತ ಪದರ ಕಪ್ಪಾಗಿ ಕಿತ್ತುಬರತೊಡಗಿತು. ವಾಸನೆ ವಿಪರೀತ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರೂ ದಿನಾ ಫೋನ್ ಬರುತ್ತಿತ್ತು. ಅಡಿಯಲ್ಲಿ ಕೆಂಪು ಮಾಂಸ ತುಂಬಿಕೊಂಡಿತು. ಕಾಲಿನ ಕೆಳಭಾಗ ಆಗಿದ್ದರೆ ಅದೇ ಮಾಂಸ ಮಿತಿಮೀರಿ ಬೆಳೆದು ಬೇರೆ ತಲೆನೋವಾಗುತ್ತಿತ್ತು, ಮೈಮೇಲೆ ಹಾಗಾಗುವುದು ಕಡಿಮೆ. ಗಾಯ ಮುಚ್ಚಲು ಏಪ್ರಿಲ್ ಬಂತು. ಅಷ್ಟೂ ದಿನ ದುಡಿಮೆ ಇಲ್ಲ. ಅವನ ತಮ್ಮನ ಇನ್ನೊಂದು ಕುದುರೆ ಮನೆ ನಡೆಸಿತು.

ಎಲ್ಲ ಗಂಟಿಗೂ ಹೀಗೆ ನುಗ್ಗಬೇಕಿಲ್ಲ. ಸಣ್ಣದಾಗಿ, ಒಣಗಿಕೊಂಡು, ಬೆಳೆಯದೆ ಇರುವ ಸಾರ್ಕಾಯ್ಡ್ ಇದ್ದರೆ ನಾನು ಈಗ ಮುಟ್ಟುವುದೇ ಇಲ್ಲ. ಅಳೆದು ಬರೆದಿಟ್ಟು ತಿಂಗಳಿಗೊಮ್ಮೆ ನೋಡುತ್ತೇನೆ. ಬೂದು ಕುದುರೆಯ ಬಾಲದ ಅಡಿ ಕಪ್ಪು ಗಂಟು ಇದ್ದರೆ ಅದು ಬೇರೆಯೇ, ಬಣ್ಣದ ಕೋಶಗಳ ಗಡ್ಡೆ, ಮೆಲನೋಮಾ. 15 ವರ್ಷ ದಾಟಿದ ಬೂದು ಕುದುರೆಗಳಲ್ಲಿ ನೂರಕ್ಕೆ 80ರಷ್ಟರಲ್ಲಿ ಅದು ಕಾಣುತ್ತದೆ. ಅದನ್ನು ಸಣ್ಣದಿರುವಾಗಲೇ ತೆಗೆಯುವುದು ಸುಲಭ.

ಎರಡು ವರ್ಷ ಆಯಿತು, ಚಾಂದನಿಯ ಗಂಟು ಮರಳಿಲ್ಲ. ಹೊಟ್ಟೆಪಟ್ಟಿಗೆ ಕುರಿ ಉಣ್ಣೆಯ ಒಂದು ಮೆತ್ತೆ ಸುತ್ತಿಸಿದ್ದೇನೆ. ಆ ಜಾಗದ ಅಂಚಿನಲ್ಲಿ ಹುಟ್ಟಿದ ಕೂದಲು ಮಾತ್ರ ಬೆಳ್ಳಗೆ, ಚಳಿಗೆ ಬಣ್ಣದ ಕೋಶಗಳು ಸತ್ತಿವೆ. ಹೋದ ಚೌತಿ ಮುಗಿದ ಮೇಲೆ ಗೋಕರ್ಣಕ್ಕೆ ಹೋದಾಗ ಮಾಲೀಕ ಕುದುರೆಯನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದ. "ಮೊದಲ ಹಣ್ಯಾಗ ಒಂದ ಚಂದ್ರ ಇತ್ತು, ಈಗ ನೀವೊಂದು ಬರದೀರಿ" ಅಂದ.