ಸೇನೆಯಲ್ಲಿ ಶಿಕ್ಷಣ ಅಧಿಕಾರಿಯಾಗಲು ಬಯಸುವ ಮಲೆನಾಡಿನ ಪದವೀಧರರಿಗೆ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಮುಗಿಸಿದವರು ಮುಂದೇನು ಎಂದು ಯೋಚಿಸುವಾಗ ಸಾಮಾನ್ಯವಾಗಿ ಬಿ.ಎಡ್., ಕೆ-ಸೆಟ್, ಅತಿಥಿ ಉಪನ್ಯಾಸಕ ಹುದ್ದೆ, ಕೆ.ಎ.ಎಸ್. ಪರೀಕ್ಷೆ ಎಂದು ಲೆಕ್ಕ ಹಾಕಿ ಅಲ್ಲಿಗೇ ನಿಲ್ಲುತ್ತಾರೆ. ಪಾಠ ಹೇಳುವ ಒಲವೂ ಸಮವಸ್ತ್ರದ ಒಲವೂ ಒಟ್ಟಿಗೇ ಇರುವವರಿಗೆ ಇನ್ನೊಂದು ದಾರಿ ಇದೆ. ಅದು ಭಾರತೀಯ ಸೇನೆಯ ಶಿಕ್ಷಣ ದಳ, ಅಂದರೆ ಆರ್ಮಿ ಎಜುಕೇಶನ್ ಕೋರ್. ಈ ದಳದ ತರಬೇತಿ ಕಾಲೇಜು ಮಧ್ಯಪ್ರದೇಶದ ಪಚ್‌ಮಡಿಯಲ್ಲಿದೆ. ಪಿಪರಿಯಾ ನಿಲ್ದಾಣದಲ್ಲಿ ರೈಲಿಳಿದು ಸಾತ್ಪುರದ ಘಾಟಿ ಹತ್ತಬೇಕು. ಮಳೆಗಾಲದಲ್ಲಿ ಅಲ್ಲಿಗೆ ಹೋದ ತೀರ್ಥಹಳ್ಳಿಯವರಿಗೆ ಊರು ಬಿಟ್ಟು ಬಂದಂತೆ ಅನ್ನಿಸುವುದು ಕಡಿಮೆ.

ದಳವನ್ನು ಸೇರಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು ಅಧಿಕಾರಿಯ ಹುದ್ದೆ: ಸ್ನಾತಕೋತ್ತರ ಪದವಿಯಲ್ಲಿ ಪ್ರಥಮ ಅಥವಾ ದ್ವಿತೀಯ ದರ್ಜೆ ಇರಬೇಕು, ವಯಸ್ಸು ಸಾಮಾನ್ಯವಾಗಿ 23ರಿಂದ 27ರ ನಡುವೆ ಇರಬೇಕು. ಇನ್ನೊಂದು ಅಧಿಕಾರಿಗಿಂತ ಕೆಳಗಿನ ದರ್ಜೆಯ ಹವಾಲ್ದಾರ್ ಎಜುಕೇಶನ್ ಹುದ್ದೆ: ಇದಕ್ಕೆ ಪದವಿಯ ಜೊತೆಗೆ ಬಿ.ಎಡ್. ಅಥವಾ ಸ್ನಾತಕೋತ್ತರ ಪದವಿ ಇದ್ದವರು 20ರಿಂದ 25ರ ವಯಸ್ಸಿನೊಳಗೆ ಅರ್ಜಿ ಹಾಕುತ್ತಾರೆ. ಯಾವ ಯಾವ ವಿಷಯದ ಸ್ನಾತಕೋತ್ತರ ಪದವಿಗೆ ಅವಕಾಶವಿದೆ ಎಂಬ ಪಟ್ಟಿ ನೇಮಕಾತಿ ಪ್ರಕಟಣೆಯಲ್ಲಿಯೇ ಇರುತ್ತದೆ. ಅದನ್ನು ಎಂ.ಎ.ಗೆ ಸೇರುವ ಮೊದಲೇ ಒಮ್ಮೆ ಓದಿಕೊಂಡವರು ಜಾಣರು, ಏಕೆಂದರೆ ಎರಡು ವರ್ಷ ಕಳೆದ ಮೇಲೆ ವಿಷಯ ಬದಲಿಸಲು ಬರುವುದಿಲ್ಲ.

ಅಧಿಕಾರಿ ಹುದ್ದೆಗೆ ಅಂಕಗಳ ಆಧಾರದಲ್ಲಿ ಅರ್ಜಿಗಳನ್ನು ಸೋಸಿ, ಉಳಿದವರನ್ನು ಎಸ್.ಎಸ್.ಬಿ., ಅಂದರೆ ಸೇನಾ ಅಧಿಕಾರಿಗಳನ್ನು ಆರಿಸುವ ಸರ್ವೀಸಸ್ ಸೆಲೆಕ್ಷನ್ ಬೋರ್ಡ್‌ನ ಸಂದರ್ಶನಕ್ಕೆ ಕರೆಯುತ್ತಾರೆ. ನಮ್ಮ ಕಡೆಯವರಿಗೆ ಅನುಕೂಲದ ಕೇಂದ್ರ ಬೆಂಗಳೂರಿನಲ್ಲಿದೆ. ಭೋಪಾಲ, ಪ್ರಯಾಗರಾಜ್‌ಗಳಲ್ಲಿಯೂ ಕೇಂದ್ರಗಳಿವೆ. ಐದು ದಿನಗಳ ಈ ಆಯ್ಕೆಯಲ್ಲಿ ಮನಃಶಾಸ್ತ್ರದ ಪರೀಕ್ಷೆ, ಮೈದಾನದ ಗುಂಪು ಕೆಲಸ, ವೈಯಕ್ತಿಕ ಸಂದರ್ಶನ ಎಲ್ಲವೂ ಸೇರಿವೆ. ಇದರ ಬಗ್ಗೆ ಬರೆದವರು ಸಾಕಷ್ಟು ಜನರಿದ್ದಾರಾದ್ದರಿಂದ ನಾನು ಒಂದೇ ಮಾತು ಸೇರಿಸುತ್ತೇನೆ. ಪಾಠ ಹೇಳಿ ಅಭ್ಯಾಸವಾದವರು ಗುಂಪು ಚರ್ಚೆಯಲ್ಲಿ ತಮಗೆ ಅರಿವಿಲ್ಲದೆಯೇ ಉಪನ್ಯಾಸಕ್ಕೆ ಇಳಿಯುತ್ತಾರೆ. ಅಲ್ಲಿ ನೋಡುವುದು ನಿಮ್ಮ ಪಾಂಡಿತ್ಯವನ್ನಲ್ಲ. ಹಲಗೆ, ಹಗ್ಗ, ಡ್ರಮ್ಮುಗಳನ್ನು ಕೊಟ್ಟು ಅಡೆತಡೆ ದಾಟಿಸಿ ಎಂದಾಗ ನೀವು ಪಕ್ಕದವನ ಮಾತನ್ನು ಕೇಳುತ್ತೀರೋ ಇಲ್ಲವೋ ಎಂಬುದನ್ನು. ಓಟವನ್ನೂ ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಆಯ್ಕೆಯಾಗಿ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋಗುವವರಿಂದ 2.4 ಕಿ.ಮೀ. ಓಟ ಹಾಗೂ ಈಜಿನ ಪ್ರಾಥಮಿಕ ಪರಿಚಯವನ್ನು ನಿರೀಕ್ಷಿಸುತ್ತಾರೆ. ತುಂಗೆಯಲ್ಲಿ ಈಜು ಕಲಿತವರು ಈಜುಕೊಳದಲ್ಲಿಯೂ ಒಂದಷ್ಟು ದಿನ ಉಸಿರು ಹಿಡಿದು ಅಭ್ಯಾಸ ಮಾಡುವುದು ಒಳ್ಳೆಯದು.

ಇನ್ನು ಕೆಲಸದ ಸ್ವರೂಪ. ಶಿಕ್ಷಣ ಅಧಿಕಾರಿಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮಕ್ಕಳಲ್ಲ, ಸಂಸಾರವಂತರಾದ ಯೋಧರು. ಸೇನೆಯಲ್ಲಿ ಆರ್ಮಿ ಸರ್ಟಿಫಿಕೇಟ್ ಆಫ್ ಎಜುಕೇಶನ್ ಎಂಬ ಪರೀಕ್ಷೆಗಳು ಮೂರನೆಯ ದರ್ಜೆಯಿಂದ ಮೊದಲನೆಯ ದರ್ಜೆಯವರೆಗೆ ಇವೆ; ಇವಕ್ಕೂ ನಕ್ಷೆ ಓದುವ ಪರೀಕ್ಷೆಗೂ ಬಡ್ತಿಯ ಸಂಬಂಧವಿದೆ. ಹದಿನೈದು ವರ್ಷ ಸೇವೆಯಾದ, ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗಿನ ನಾಯಕ್ ಒಬ್ಬ ರಾತ್ರಿ ಗಾರ್ಡ್ ಡ್ಯೂಟಿ ಮಾಡಿ, ಬೆಳಗಿನ ಪಿ.ಟಿ. ಮುಗಿಸಿ, ತೂಕಡಿಸುವ ಕಣ್ಣಿನಲ್ಲಿ ನಿಮ್ಮ ಎದುರು ಬಂದು ಕುಳಿತಾಗ ಅವನ ತಲೆಯಲ್ಲಿ ಇರುವುದು ತೋಳಿಗೆ ಬರಬೇಕಾದ ಹವಾಲ್ದಾರ್ ಪಟ್ಟಿಯೂ ಊರಿಗೆ ಕಳುಹಿಸುವ ಸಂಬಳವೂ. ಅವನಿಗೆ ಪಾಠ ಅರ್ಥವಾಗದಿದ್ದರೆ ನಷ್ಟವಾಗುವುದು ಅವನ ಮನೆಗೆ. ಈ ಹುದ್ದೆಗೆ ಹೊರಟವರು ಬೇರೆಲ್ಲ ಸಿದ್ಧತೆಗಿಂತ ಮೊದಲು ದಣಿದ ದೊಡ್ಡವರಿಗೆ ಪಾಠ ಹೇಳುವುದನ್ನು ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದನ್ನು ಊರಿನಲ್ಲಿಯೇ ಕಲಿಯಬಹುದು. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರಿದ್ದಾರೆ, ಶಿವಮೊಗ್ಗದ ಕಟ್ಟಡ ಕೆಲಸದಲ್ಲಿ ಉತ್ತರ ಭಾರತದವರಿದ್ದಾರೆ. ತೋಟದ ಮಾಲೀಕರ ಒಪ್ಪಿಗೆ ಪಡೆದು, ಸಂಜೆ ಹೊತ್ತು ಅವರಲ್ಲಿ ನಾಲ್ಕೈದು ಜನರಿಗೆ ಬ್ಯಾಂಕಿನ ಚಲನ್ ತುಂಬುವುದನ್ನೋ ಶೇಕಡಾ ಲೆಕ್ಕವನ್ನೋ ಹಿಂದಿಯಲ್ಲಿ ಹೇಳಿಕೊಡಿ. ಇದರಿಂದ ನಿಮ್ಮ ಹಿಂದಿ ಸುಧಾರಿಸುತ್ತದೆ. ಸೇನೆಯಲ್ಲಿ ಬಗೆಬಗೆಯ ಪ್ರಾಂತ್ಯದವರು ಒಟ್ಟಿಗೆ ಬಾಳುವಾಗ ನಡುವಿನ ಮಾತು ಹಿಂದೂಸ್ತಾನಿಯೇ. ನಮ್ಮ ಪದವೀಧರರಲ್ಲಿ ಬಹುಪಾಲು ಜನ ಹಿಂದಿಯನ್ನು ಪರೀಕ್ಷೆಗೆ ಓದಿರುತ್ತಾರೆ ಹೊರತು ಅದರಲ್ಲಿ ಯಾರನ್ನೂ ನಗಿಸಿರುವುದಿಲ್ಲ, ಸಮಾಧಾನ ಮಾಡಿರುವುದಿಲ್ಲ. ದಿನವಿಡೀ ಮೈಮುರಿದು ದುಡಿದವನು ಎಷ್ಟು ನಿಮಿಷ ಕೇಳಬಲ್ಲ, ಯಾವಾಗ ಅವನ ಕೈಗೆ ಪೆನ್ಸಿಲು ಕೊಡಬೇಕು ಎಂಬುದೂ ಇಲ್ಲಿಯೇ ತಿಳಿಯುತ್ತದೆ.

ಎರಡನೆಯ ಸಿದ್ಧತೆ ನಕ್ಷೆಯದು. ಎಂ.ಎ. ಇತಿಹಾಸವಿರಲಿ, ಎಂ.ಎಸ್‌ಸಿ. ಸಸ್ಯಶಾಸ್ತ್ರವಿರಲಿ, ಸೇನೆಯ ತರಗತಿಯಲ್ಲಿ ನಕ್ಷೆ ಓದುವುದನ್ನು ಹೇಳಿಕೊಡುವ ಕೆಲಸ ಶಿಕ್ಷಣ ದಳದವರ ಪಾಲಿಗೆ ಬರುತ್ತದೆ, ಮತ್ತು ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಸ್ಥಳನಕ್ಷೆಯನ್ನು ಸಂಪಾದಿಸಿಕೊಳ್ಳಿ. ಅದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ನಕ್ಷೆಯಲ್ಲಿ ಚೌಕಗಳು ಇಲ್ಲದಿದ್ದರೆ ಪೆನ್ಸಿಲಿನಿಂದ 2 ಸೆಂ.ಮೀ. ಚೌಕಗಳನ್ನು ನೀವೇ ಎಳೆದು, ನಿಂತ ಗೆರೆಗಳಿಗೂ ಮಲಗಿದ ಗೆರೆಗಳಿಗೂ ಎರಡೆರಡು ಅಂಕಿಯ ಸಂಖ್ಯೆ ಕೊಡಿ. ಒಂದು ದೇವಸ್ಥಾನ 45ನೆಯ ನಿಂತ ಗೆರೆಯಿಂದ ಬಲಕ್ಕೆ ಚೌಕದ ಹತ್ತರಲ್ಲಿ ಮೂರು ಭಾಗ, 72ನೆಯ ಮಲಗಿದ ಗೆರೆಯಿಂದ ಮೇಲಕ್ಕೆ ಹತ್ತರಲ್ಲಿ ಆರು ಭಾಗ ಇದ್ದರೆ ಅದರ ಆರಂಕಿಯ ನೆಲೆ 453726. ಮೊದಲು ಅಡ್ಡಕ್ಕೆ, ಆಮೇಲೆ ಮೇಲಕ್ಕೆ. ತಿರುಗಿಸಿ 726453 ಎಂದರೆ ಪಹರೆಯ ತುಕಡಿ ಹತ್ತಾರು ಕಿಲೋಮೀಟರ್ ಆಚೆಯ ಇನ್ನೊಂದು ಕಣಿವೆಯಲ್ಲಿ ಹುಡುಕಾಡುತ್ತದೆ. ಹತ್ತರ ಒಂದು ಭಾಗ ನಕ್ಷೆಯಲ್ಲಿ 2 ಮಿ.ಮೀ., ನೆಲದಲ್ಲಿ 100 ಮೀಟರ್. ಆದ್ದರಿಂದ ಮೊಂಡು ಪೆನ್ಸಿಲು ಇಲ್ಲಿ ಸಣ್ಣ ವಿಷಯವಲ್ಲ.

ಆಮೇಲೆ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಈ ಪ್ರಮಾಣದ ನಕ್ಷೆಯಲ್ಲಿ ಎರಡು ರೇಖೆಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. 1343 ಮೀಟರ್ ಎತ್ತರದ ಕೊಡಚಾದ್ರಿಯ ಸುತ್ತ ರೇಖೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಕಡೆ ಕಡಿದಾದ ಇಳಿಜಾರು, ಬಿಡಿಬಿಡಿಯಾಗಿರುವ ಕಡೆ ಗದ್ದೆಯ ಬಯಲು. ಹಳ್ಳ ಹರಿಯುವಲ್ಲಿ ರೇಖೆಗಳ ಚೂಪು ಮೇಲ್ಭಾಗಕ್ಕೆ, ಅಂದರೆ ಹಳ್ಳ ಹುಟ್ಟುವ ಕಡೆಗೆ ಮುಖ ಮಾಡುತ್ತದೆ. ಗುಡ್ಡದ ಏಣು ಇಳಿಯುವಲ್ಲಿ ಚೂಪು ಕೆಳಕ್ಕೆ ಮುಖ ಮಾಡುತ್ತದೆ. ಹೊಸಬರು ಈ ಎರಡನ್ನು ಅದಲುಬದಲು ಮಾಡುತ್ತಾರೆ. ಇದನ್ನು ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದು ತೋರಿಸುವುದಕ್ಕಿಂತ ಅಂಗಳದಲ್ಲಿ ಒದ್ದೆ ಮರಳಿನಿಂದ ಗುಡ್ಡ ಮಾಡಿ, ಬೆರಳಿನಿಂದ ಹಳ್ಳ ಕೊರೆದು, ಸುತ್ತಲೂ ಸಮಾನ ಎತ್ತರಗಳಲ್ಲಿ ನೂಲು ಸುತ್ತಿಸಿ ನೋಡಿ. ನೂಲು ಹಳ್ಳದೊಳಕ್ಕೆ ತಾನಾಗಿಯೇ ಒಳಸರಿಯುವುದನ್ನು ಕಣ್ಣಾರೆ ಕಂಡವನು ಮತ್ತೆ ತಪ್ಪುವುದಿಲ್ಲ. ಸೇನೆಯಲ್ಲಿಯೂ ಮರಳಿನ ಮಾದರಿ ಮಾಡಿ ವಿವರಿಸುವುದು ದಿನನಿತ್ಯದ ಪದ್ಧತಿ.

ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಅಭ್ಯಾಸಕ್ಕೆ ಆಗುಂಬೆ ದಾರಿಯ ಕುಂದಾದ್ರಿಯ ಬೋಳುಬಂಡೆ ಸೂಕ್ತ ಸ್ಥಳ. ದಿಕ್ಸೂಚಿಯಿಂದ ಗುರುತು ಹಿಡಿಯಬಲ್ಲ ಎರಡು ಶಿಖರಗಳ ಕೋನ ಅಳೆದು, ಅಯಸ್ಕಾಂತದ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ಸರಿಪಡಿಸಿ, ಆ ಶಿಖರಗಳಿಂದ ಹಿಂದಕ್ಕೆ ಗೆರೆ ಎಳೆದರೆ ಗೆರೆಗಳು ಕೂಡುವ ಜಾಗವೇ ನೀವು ನಿಂತ ಜಾಗ. ಜೂನ್‌ನಿಂದ ಮಂಜು ಕವಿದು ಎದುರಿನ ಗುಡ್ಡವೇ ಕಾಣದಿದ್ದಾಗ ಹಳ್ಳ, ಸೇತುವೆ, ತಿರುವುಗಳನ್ನು ಎಣಿಸಿಕೊಂಡೇ ನೆಲೆ ಹಿಡಿಯಬೇಕಾಗುತ್ತದೆ. ಅದೂ ಒಂದು ಒಳ್ಳೆಯ ಪಾಠವೇ.

ಅಕಾಡೆಮಿಯ ತರಬೇತಿ ಪ್ರವೇಶದ ಬಗೆಯನ್ನು ಅನುಸರಿಸಿ ಡೆಹ್ರಾಡೂನ್ ಅಥವಾ ಚೆನ್ನೈಯಲ್ಲಿ ನಡೆಯುತ್ತದೆ. ಅದನ್ನು ಮುಗಿಸಿ ಲೆಫ್ಟಿನೆಂಟ್ ಆಗಿ ಬಂದವರು ಮೊದಲ ವಾರದಲ್ಲಿಯೇ ಗಮನಿಸಬೇಕಾದದ್ದು ತಮ್ಮ ಜೊತೆಗಿರುವ ಸುಬೇದಾರರನ್ನು, ಅಂದರೆ ಕೆಳಗಿನ ದರ್ಜೆಯಿಂದ ಬಡ್ತಿ ಪಡೆದು ಬಂದ ಹಿರಿಯರನ್ನು. ವಯಸ್ಸಿನಲ್ಲಿ ನಿಮ್ಮ ತಂದೆಯ ಸರೀಕರಾಗಿರುವ ಅವರನ್ನು ಅಧಿಕಾರಿಗಳೂ 'ಸಾಬ್' ಎಂದೇ ಕರೆಯುತ್ತಾರೆ. ಘಟಕದ ಮಟ್ಟದಲ್ಲಿ ತರಗತಿ ನಡೆಸುವವರು ಹೆಚ್ಚಾಗಿ ಇಂಥ ಸುಬೇದಾರರು ಮತ್ತು ಹವಾಲ್ದಾರರೇ. ಯಾವ ತುಕಡಿಯ ಕಮಾಂಡರು ಜವಾನರನ್ನು ತರಗತಿಗೆ ಬಿಡಲು ಹಿಂದೆಮುಂದೆ ನೋಡುತ್ತಾರೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ವೇಳಾಪಟ್ಟಿಯನ್ನು ಅವರನ್ನು ಕೇಳದೆ ಬರೆಯಬೇಡಿ.

ಬಡ್ತಿ ಪರೀಕ್ಷೆಗಳಲ್ಲದೆ, ಜವಾನರಾಗಿ ಸೇರಿ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗಲು ಬಯಸುವವರ ಸಿದ್ಧತೆ, 2022ರಿಂದ ಬಂದ ಅಗ್ನಿವೀರರ ಓದು, ವಿದೇಶಿ ಭಾಷೆಗಳು ಎಲ್ಲವೂ ಈ ದಳದ ವ್ಯಾಪ್ತಿಗೆ ಸೇರುತ್ತವೆ. ಸೇನೆಯ ಬ್ಯಾಂಡಿನವರಿಗೆ ಸಂಗೀತ ಕಲಿಸುವ ವಿಭಾಗವೂ ಪಚ್‌ಮಡಿಯಲ್ಲಿಯೇ ಇದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಕರ್ನಾಟಕದೊಳಗೇ ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲಿ ಈ ದಳದ ಅಧಿಕಾರಿಗಳು ಕೆಲಸ ಮಾಡುತ್ತಾರೆ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್.ಡಿ.ಎ.) ಪಾಠ ಹೇಳುವ ಅವಕಾಶವೂ ಉಂಟು. ಮಹಿಳೆಯರಿಗೆ 2008ರಲ್ಲಿ ಕಾಯಂ ಸೇವೆಯ ಅವಕಾಶ ಮೊದಲು ತೆರೆದ ವಿಭಾಗಗಳಲ್ಲಿ ಇದೂ ಒಂದು; ಈ ಅವಕಾಶವನ್ನು ಇನ್ನೂ ಹಲವು ವಿಭಾಗಗಳಿಗೆ ವಿಸ್ತರಿಸಿದ ಸುಪ್ರೀಂ ಕೋರ್ಟಿನ 2020ರ ತೀರ್ಪು ಬಂದದ್ದು ಆಮೇಲೆ.

ಅರ್ಜಿ ಹಾಕುವುದು ಸೇನೆಯ ಅಧಿಕೃತ ನೇಮಕಾತಿ ಜಾಲತಾಣದಲ್ಲಿ ಮಾತ್ರ. ಹಣ ಕೊಟ್ಟರೆ ಕೆಲಸ ಮಾಡಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಪ್ರಕಟಣೆ ಬಂದ ಮೇಲೆ ದಾಖಲೆ ಹುಡುಕಲು ಹೊರಟರೆ ಕೊನೆಯ ದಿನಾಂಕ ದಾಟಿಹೋಗಬಹುದಾದ್ದರಿಂದ ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಇದ್ದರೆ ಎನ್.ಸಿ.ಸಿ. 'ಸಿ' ಪ್ರಮಾಣಪತ್ರ ಇವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಇನಿಷಿಯಲ್‌ನಲ್ಲಿ ವ್ಯತ್ಯಾಸವಿದ್ದರೆ ಅದನ್ನು ಈ ತಿಂಗಳೇ ಸರಿಪಡಿಸಲು ಕೊಡಿ.